ಕರುಳಿನ ಜೀವಾಣುಗಳಿಗೂ ಆಹಾರ ಬೇಕು

ಹುಟ್ಟಿನಿಂದಲೇ ಸಸ್ಯಾಹಾರಿಗಳಾದವರಲ್ಲಿಯೂ ಮಧುಮೇಹ ಕಾಣಿಸಿಕೊಳ್ಳುವುದೇಕೆಂದು ಅನೇಕರು ಕೇಳುವುದುಂಟು. ವಂಶಗುಣ, ದೈಹಿಕ ಶ್ರಮದ ಕೊರತೆಗಳ ಜೊತೆಗೆ ಊಟದಲ್ಲಿ ನಾರಿನಂಶ ಕಡಿಮೆಯಾಗಿರುವುದೂ ಇದಕ್ಕೊಂದು ಕಾರಣ. ಪಾಲಿಶ್ ಮಾಡಿದ ಅಕ್ಕಿ, ಮೈದಾ, ಸಕ್ಕರೆಗಳೂ ಸಸ್ಯಜನ್ಯವೇ. ಆದರೆ ಅವುಗಳಲ್ಲಿ ನಾರು ಅತ್ಯಲ್ಪ.

ನಾರನ್ನು ನಮ್ಮ ಜೀರ್ಣರಸಗಳು ಕರಗಿಸಲಾರವು. ಅದು ದೊಡ್ಡ ಕರುಳನ್ನು ತಲುಪಿದಾಗ ಅಲ್ಲಿ ನೆಲೆಸಿರುವ ಅಸಂಖ್ಯ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೋನೇಟ್, ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲಗಳನ್ನು ಉತ್ಪಾದಿಸುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ. ಈ ಆಮ್ಲಗಳು ಜಿಎಲ್‌ಪಿ-1 ಎಂಬ ಹಾರ್ಮೋನಿನ ಸ್ರಾವವನ್ನು ಪ್ರಚೋದಿಸಿ, ಹಸಿವು ಮತ್ತು ರಕ್ತದ ಸಕ್ಕರೆಯ ನಿಯಂತ್ರಣಕ್ಕೆ ನೆರವಾಗುತ್ತವೆ.

ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸೂಚಿಸಿದೆ. 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿರುವುದು ಸುಮಾರು 3 ಗ್ರಾಂ. ಅಷ್ಟೇ ತೂಕದ ಜೋಳ ಅಥವಾ ರಾಗಿಯಲ್ಲಿ 10ರಿಂದ 11 ಗ್ರಾಂ. ಆದುದರಿಂದ ಜೋಳದ ರೊಟ್ಟಿ ಅಥವಾ ರಾಗಿ ಮುದ್ದೆ, ಕಾಳುಪಲ್ಯ, ಸೊಪ್ಪು, ಕೋಸಂಬರಿಗಳು ನಿತ್ಯದ ಊಟದಲ್ಲಿರಲಿ. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರ ಉಂಟಾಗಬಹುದು. ಕ್ರಮೇಣ ಹೆಚ್ಚಿಸಿ, ಸಾಕಷ್ಟು ನೀರು ಕುಡಿಯಬೇಕು. ಮಧುಮೇಹವುಳ್ಳವರು ವೈದ್ಯರು ಕೊಟ್ಟ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು.