ಕೇಂದ್ರ ಬಿಟ್ಟುಕೊಟ್ಟು ಗೆಲ್ಲೋದು ಹೇಗೆ?

(ಚೆಸ್ ಬೋರ್ಡಿನ ಕೇಂದ್ರ ಕಣ್ರೀ, ದಿಲ್ಲಿಯದ್ದಲ್ಲ.)

ಚೆಸ್ ಕಲಿಯೋರಿಗೆ ಮೊದಲ ಪಾಠ: ನಡುವಿನ ನಾಲ್ಕು ಮನೆ ಹಿಡಿ. ಕಿಂಗ್ಸ್ ಇಂಡಿಯನ್ ಡಿಫೆನ್ಸ್ ಈ ಪಾಠವನ್ನೇ ಪ್ರಶ್ನಿಸುತ್ತೆ. 'ಇಂಡಿಯನ್' ಅನ್ನೋ ಹೆಸರಿಗೂ ಕಾರಣ ಇದೆ. ನಮ್ಮ ಹಳೇ ಚದುರಂಗದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತಿತ್ತು. 19ನೇ ಶತಮಾನದ ಮಧ್ಯದಲ್ಲಿ ಬಂಗಾಳದ ಮಹೇಶ್‌ಚಂದ್ರ ಬ್ಯಾನರ್ಜಿ, ಕಲ್ಕತ್ತಾದಲ್ಲಿ ಜಾನ್ ಕಾಕ್ರೇನ್ ಎದುರು ಇಂಥ ನಿಧಾನದ ಆಟವನ್ನೇ ಆಡಿದರು.

ಕಪ್ಪು ಕಾಯಿಯವರು ಜಿ7ರಲ್ಲಿ ಒಂಟೆ ಕೂರಿಸಿ, ಕ್ಯಾಸಲಿಂಗ್ ಮಾಡಿ ರಾಜನನ್ನು ಭದ್ರ ಮಾಡ್ತಾರೆ. ಅಷ್ಟರಲ್ಲಿ ಬಿಳಿ ಕಾಲಾಳುಗಳು ಸಿ4, ಡಿ4, ಇ4ರಲ್ಲಿ ನಿಂತಿರುತ್ತವೆ. ಆಮೇಲೆ ಕಪ್ಪಿನ ಇ5 ಹೊಡೆತ. 1953ರ ಟೂರ್ನಿಯಿಂದ ಹೆಸರು ಬಂದ ಮಾರ್ ಡೆಲ್ ಪ್ಲಾಟಾ ವೇರಿಯೇಷನ್‌ನಲ್ಲಿ ಬಿಳಿ ಡಿ5 ತಳ್ಳುತ್ತಿದ್ದಂತೆ ನಡುವೆ ಬೀಗ ಬೀಳುತ್ತೆ. ಅಲ್ಲಿಂದ ಓಟದ ಸ್ಪರ್ಧೆ. ಬಿಳಿ ಸಿ5 ಆಡಿ ಮಂತ್ರಿಯ ಕಡೆ ನುಗ್ಗುತ್ತೆ; ಕಪ್ಪು ಎಫ್5, ಎಫ್4, ಜಿ5 ಅಂತ ರಾಜನ ಕಡೆ.

ಇಬ್ಬರ ಪಣ ಸಮ ಇಲ್ಲ. ಬಿಳಿಗೆ ಸಿಗೋದು ಜಾಗ, ಒಂದೆರಡು ಕಾಲಾಳು. ಕಪ್ಪಿಗೆ ಸಿಕ್ಕರೆ ರಾಜನೇ. ಆದರೆ ಕಪ್ಪು ಒಂದು ನಡೆ ತಡ ಮಾಡಿದರೂ ಮನೆ ಬರಿದಾಗಬಹುದು. 1997ರಲ್ಲಿ ನೊವ್ಗೊರೊದ್‌ನಲ್ಲಿ ಕ್ರಾಮ್ನಿಕ್ ಬಿ4 ತಳ್ಳುವ 'ಬಯೊನೆಟ್' ದಾಳಿಯಿಂದ ಕಾಸ್ಪರೋವ್‌ರನ್ನೇ ಸೋಲಿಸಿದರು.

ಹಾಗಾಗಿ ಕೇಂದ್ರ ಬಿಡುವ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಿ: ಎಫ್5 ಯಾವಾಗ? ಈ ಪ್ರಶ್ನೆಗೆ ಉತ್ತರ ಇಲ್ಲದ ತಾಳ್ಮೆಗೆ ಬೋರ್ಡಿನ ಮೇಲೆ ಬೆಲೆ ಇಲ್ಲ.