ದೂರದ ದ್ವೀಪವೂ ಹತ್ತಿರದ ಕುರುವವೂ

ನಮ್ಮ ಪಟ್ಟಣಗಳ ವಿದ್ಯಾವಂತರಲ್ಲಿ ದೇಶಸಂಚಾರದ ಅಭಿರುಚಿಯು ದಿನೇ ದಿನೇ ಬೆಳೆಯುತ್ತಿರುವುದನ್ನು ನಾವು ಸಂತೋಷದಿಂದಲೇ ನೋಡುತ್ತಿದ್ದೇವೆ. ಕೂಪಮಂಡೂಕತ್ವವು ಯಾವ ಜನಾಂಗಕ್ಕೂ ಭೂಷಣವಲ್ಲ. ಹಿಂದೆ ಕಾಶೀಯಾತ್ರೆ ಮಾಡಿ ಬಂದವನನ್ನು ಊರ ಜನರು ಎದುರುಗೊಂಡು ಕರೆತರುತ್ತಿದ್ದರು. ಇಂದು ಸಪ್ತಸಮುದ್ರಗಳನ್ನು ದಾಟಿ ಬಂದವನನ್ನೂ ನೆರೆಮನೆಯವರು ವಿಚಾರಿಸುವುದಿಲ್ಲ. ಅಷ್ಟು ಮಂದಿ ಹೋಗಿ ಬರುತ್ತಿದ್ದಾರೆ. ಹೀಗೆ ಹೋಗತಕ್ಕವರಲ್ಲಿ ಹೊಸದೊಂದು ಬಯಕೆಯೂ ಹುಟ್ಟಿದೆ. ಹೆಸರಾದ ಸ್ಥಳಗಳ ಜನಜಂಗುಳಿಯಿಂದ ಬೇಸತ್ತವರು ಯಾರೂ ಕೇಳರಿಯದ, ಸದ್ದುಗದ್ದಲವಿಲ್ಲದ ಯಾವುದಾದರೊಂದು ದ್ವೀಪವಿದ್ದೀತೆ ಎಂದು ಭೂಪಟವನ್ನು ಹುಡುಕತೊಡಗಿದ್ದಾರೆ.

ಅಂತಹ ದ್ವೀಪಗಳು ಕೆರಿಬಿಯನ್ ಸಮುದ್ರದಲ್ಲಿ ಹಲವುಂಟು. ಡಚ್ಚರ ಆಳ್ವಿಕೆಗೆ ಸೇರಿದ ಸಾಬಾ ಎಂಬುದು ಅವುಗಳಲ್ಲೊಂದು. ಅದರ ವಿಸ್ತೀರ್ಣ ಸುಮಾರು 13 ಚದರ ಕಿಲೋಮೀಟರು. ಜನಸಂಖ್ಯೆ ಎರಡು ಸಾವಿರದ ಆಸುಪಾಸು. ಸಮುದ್ರಸ್ನಾನಕ್ಕೆ ತಕ್ಕ ಮರಳದಂಡೆ ಅಲ್ಲಿ ಇಲ್ಲವೆಂದರೂ ಸಲ್ಲುತ್ತದೆ. ಕಡಲಿನಿಂದ ನೆಟ್ಟಗೆ ಎದ್ದ ಜ್ವಾಲಾಮುಖಿ ಪರ್ವತವೇ ಆ ದ್ವೀಪ. ಅಲ್ಲಿಗೆ ಹೋದವರು ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಹತ್ತಿ ಮಂಜು ಮುಸುಕಿದ ಶಿಖರವನ್ನು ಸೇರುತ್ತಾರೆ. ನೀರಿನೊಳಕ್ಕೆ ಮುಳುಗಿ ಹವಳದ ಬಂಡೆಗಳನ್ನು ನೋಡುತ್ತಾರೆ. ಉಳಿದ ಹೊತ್ತಿನಲ್ಲಿ ಸುಮ್ಮನೆ ಕುಳಿತಿರುತ್ತಾರೆ.

ಆದರೆ ನಮ್ಮ ಮನಸ್ಸನ್ನು ಸೆಳೆದದ್ದು ಆ ದ್ವೀಪದ ಶಿಖರವಲ್ಲ, ಅದರ ರಸ್ತೆ. ಇಷ್ಟು ಕಡಿದಾದ ಬೆಟ್ಟದಲ್ಲಿ ರಸ್ತೆಯನ್ನು ನಿರ್ಮಿಸುವುದು ಅಸಾಧ್ಯವೆಂದು ಇಂಜಿನಿಯರರು ಕೈ ಚೆಲ್ಲಿದಾಗ, ಜೋಸೆಫಸ್ ಲ್ಯಾಂಬರ್ಟ್ ಹ್ಯಾಸೆಲ್ ಎಂಬ ಸ್ಥಳೀಯನೊಬ್ಬನು ಅಂಚೆಯ ಮೂಲಕ ಪಾಠಗಳನ್ನು ತರಿಸಿಕೊಂಡು ರಸ್ತೆ ಕಟ್ಟುವ ವಿದ್ಯೆಯನ್ನು ಕಲಿತನು. 1938ರಲ್ಲಿ ಕೆಲಸವು ಮೊದಲಾಯಿತು. ಯಂತ್ರಗಳ ನೆರವಿಲ್ಲದೆ ದ್ವೀಪದವರೇ ಕಲ್ಲು ಹೊತ್ತು ಕಟ್ಟಿದ ಆ ರಸ್ತೆಯ ಮೊದಲ ಭಾಗವು 1943ರಲ್ಲಿ ಮುಗಿಯಿತು. ಅದೇ ಜನರು 1987ರಲ್ಲಿ ತಮ್ಮ ಸುತ್ತಲಿನ ಕಡಲನ್ನೇ ರಕ್ಷಿತ ಪ್ರದೇಶವನ್ನಾಗಿ ಮಾಡಿಕೊಂಡರು. ಮುಳುಗಿ ನೋಡಬಯಸುವ ಪ್ರವಾಸಿಯು ಶುಲ್ಕ ತೆರಬೇಕು. ಆ ಹಣವು ಆ ಕಡಲಿನ ಕಾವಲಿಗೇ ವೆಚ್ಚವಾಗುತ್ತದೆ. ತಮ್ಮಲ್ಲಿ ಏನುಂಟೆಂಬುದನ್ನು ಆ ಜನರು ತಾವು ಮೊದಲು ಅರಿತು, ಅನಂತರ ಅತಿಥಿಗಳಿಗೆ ತೋರಿಸಿದರು.

ಸಾಬಾದ ಪ್ರಸ್ತಾಪವನ್ನು ನಾವೆತ್ತಿದ್ದು ವಾಚಕರನ್ನು ಅಲ್ಲಿಗೆ ಕಳುಹಿಸುವುದಕ್ಕಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ತಾಲ್ಲೂಕುಗಳನ್ನು ಸಾವಕಾಶವಾಗಿ ಸುತ್ತಿ ನೋಡಿದವರು ನಮ್ಮ ವಾಚಕರಲ್ಲಿ ಎಷ್ಟು ಮಂದಿ ಇದ್ದಾರೆ? ಈ ಊರುಗಳ ಹೆಸರನ್ನು ಎಲ್ಲರೂ ಬಲ್ಲರು. ಅಡಿಕೆಯ ಧಾರಣೆಯ ಪಟ್ಟಿಯಲ್ಲಿ ಚನ್ನಗಿರಿಯನ್ನೂ, ನದಿಯ ನೆರೆಯ ವರದಿಯಲ್ಲಿ ಹೊನ್ನಾಳಿಯನ್ನೂ, ಬರಗಾಲದ ಪಟ್ಟಿಯಲ್ಲಿ ಜಗಳೂರನ್ನೂ ಓದಿರುತ್ತಾರೆ. ಅಧಿಕಾರಿಗಳಾದರೋ ವರ್ಗವಾಗಿ ಬಂದು, ದಫ್ತರವನ್ನು ನೋಡಿ, ವರ್ಗವಾಗಿ ಹೋಗುತ್ತಾರೆ. ನಾಡನ್ನು ನೋಡುವವರು ವಿರಳ.

ಮೊದಲು ಚನ್ನಗಿರಿಗೆ ಬರೋಣ. ಕೆಳದಿಯ ಚೆನ್ನಮ್ಮಾಜಿಯಿಂದ ಈ ಊರಿಗೆ ಹೆಸರು ಬಂದಿತೆಂಬುದು ಜನರ ನಂಬಿಕೆ. ಮೊಗಲರ ಪಡೆಗೆ ಅಂಜದೆ ಶಿವಾಜಿಯ ಮಗನಾದ ರಾಜಾರಾಮನಿಗೆ ಆಶ್ರಯವಿತ್ತ ಆ ರಾಣಿಯ ನೆನಪಿನೊಡನೆ ಮುಂಜಾನೆಯ ತಂಪಿನಲ್ಲಿ ಊರ ಬೆಟ್ಟವನ್ನು ಹತ್ತಿದರೆ ಕೋಟೆಯ ಗೋಡೆಗಳೂ ರಂಗನಾಥನ ಗುಡಿಯೂ ಎದುರಾಗುತ್ತವೆ. ಕೆಳಗೆ ಕಣ್ಣು ಹಾಯುವಷ್ಟು ದೂರ ಅಡಿಕೆಯ ತೋಟಗಳು. ಧೋಂಡಿಯಾ ವಾಘನು ಹುಟ್ಟಿದ್ದು ಇದೇ ಊರಿನಲ್ಲಿ. ಹೈದರನ ಸೈನ್ಯದಲ್ಲಿದ್ದು, ಟಿಪ್ಪುವಿನ ಸೆರೆಮನೆಯನ್ನೂ ಕಂಡು, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಹೊರಬಂದ ಈತನು ದಂಡು ಕಟ್ಟಿ, ತನ್ನನ್ನು ಉಭಯಲೋಕಗಳ ಒಡೆಯನೆಂದು ಸಾರಿಕೊಂಡು, ಆಂಗ್ಲರ ನಿದ್ದೆ ಕೆಡಿಸಿದನು. ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲೆಸ್ಲಿಯೇ ತಿಂಗಳುಗಟ್ಟಲೆ ಬೆನ್ನಟ್ಟಿ, 1800ರ ಸೆಪ್ಟೆಂಬರ್ 10ರಂದು ಈತನನ್ನು ಕೊಂದನು. ಆಂಗ್ಲರು ಅವನನ್ನು ದರೋಡೆಗಾರನೆಂದು ಬರೆದರು. ಅವನ ಕುದುರೆಸವಾರರಿಂದ ರೈತರಿಗೂ ಪೀಡೆಯಾಗದಿರಲಿಲ್ಲ. ಅವನ ಗುಣದೋಷಗಳನ್ನು ಚರಿತ್ರಕಾರರು ತೂಗಲಿ. ಹುಟ್ಟಿದೂರಿನ ಹುಡುಗರಾದರೂ ಅವನ ಹೆಸರನ್ನು ಕೇಳಿರಬೇಡವೆ?

ಸುಗ್ಗಿಯ ದಿನಗಳಲ್ಲಿ ಹೋದವರು ಅಡಿಕೆಯ ಕೆಲಸವನ್ನೂ ನೋಡತಕ್ಕದ್ದು. ಹಸಿ ಅಡಿಕೆಯನ್ನು ಸುಲಿದು, ಹಂಡೆಗಳಲ್ಲಿ ಬೇಯಿಸಿ, ಚೊಗರು ಹತ್ತಿಸಿ, ಬಿಸಿಲಿಗೆ ಹರಡಿದ ಕಣಗಳು ಕೆಂಪು ಜಮಖಾನೆ ಹಾಸಿದಂತೆ ತೋರುತ್ತವೆ. ಮದುವೆಮನೆಯ ತಟ್ಟೆಯಲ್ಲಿ ಮಾತ್ರ ಅಡಿಕೆಯನ್ನು ಕಂಡ ಪಟ್ಟಣಿಗನಿಗೆ ಅದರ ಹಿಂದಿನ ದುಡಿಮೆಯು ಇಲ್ಲಿ ತಿಳಿಯುತ್ತದೆ.

ಇದೇ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಿಣಿಯು 16ನೆಯ ಶತಮಾನದಲ್ಲಿ ಪಾಳೆಯಗಾರನಾದ ಕೆಂಗ ಹನುಮಪ್ಪ ನಾಯಕನು ಕಟ್ಟಿಸಿದುದು. ನಾಲ್ಕು ಕಡೆಯೂ ಕಲ್ಲಿನ ಮೆಟ್ಟಿಲು, ನೀರಿನ ನಡುವೆ ಗೋಪುರವುಳ್ಳ ವಸಂತಮಂಟಪ. ದಡದ ಮೇಲೆ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಕಾಲದ ಮುಸಾಫಿರಖಾನೆ. ಕಾಳಗದ ಕಹಿಯನ್ನು ಕಂಡ ಊರು ಇದು. ಆದರೂ ನೀರು ಇಂದು ಮಂಟಪದ ನೆರಳನ್ನೂ ಮುಸಾಫಿರಖಾನೆಯ ಕಮಾನುಗಳನ್ನೂ ಒಂದೇ ಸಮನಾಗಿ ಹಿಡಿದಿದೆ. ಸಂಜೆ ಮೆಟ್ಟಿಲ ಮೇಲೆ ಅರ್ಧ ಗಂಟೆ ಮಾತಿಲ್ಲದೆ ಕುಳಿತವನಿಗೆ ಚರಿತ್ರೆಯ ಪುಸ್ತಕವು ಹೇಳದ ಪಾಠವೊಂದು ದೊರೆಯುವುದು.

ಇನ್ನು ಸೂಳೆಕೆರೆ. ಶಾಂತಿಸಾಗರವೆಂಬ ಹೆಸರಿನ ಈ ಕೆರೆಗೆ ಎಂಟು ನೂರು ವರ್ಷಗಳಿಗೂ ಮಿಕ್ಕ ವಯಸ್ಸು. ರಾಜಪುತ್ರಿಯಾದ ಶಾಂತವ್ವೆಯು ತನ್ನ ತಪ್ಪಿನ ಪ್ರಾಯಶ್ಚಿತ್ತಕ್ಕೆಂದು ಇದನ್ನು ಕಟ್ಟಿಸಿದಳೆಂದೂ, ತಾವು ನೆಲೆಸಿದ್ದ ನೆಲವನ್ನು ಬಿಟ್ಟುಕೊಟ್ಟ ಸೂಳೆಯರು ಕೆರೆಗೆ ತಮ್ಮ ಹೆಸರಿರಬೇಕೆಂದು ಕೇಳಿದರೆಂದೂ ಐತಿಹ್ಯವಿದೆ. ಎರಡು ಗುಡ್ಡಗಳ ನಡುವಿನ ಸುಮಾರು 950 ಅಡಿಗಳ ಏರಿಯೊಂದು ಹರಿದ್ರಾ ಹಳ್ಳವನ್ನು ತಡೆದು ನಿಲ್ಲಿಸಿದೆ. ಆ ಪುಟ್ಟ ಏರಿಯ ಹಿಂದೆ ನಿಂತ ನೀರಿನ ಹರವು ಸುಮಾರು 6,500 ಎಕರೆ, ಎಂದರೆ 26 ಚದರ ಕಿಲೋಮೀಟರು. ಸಾಬಾ ದ್ವೀಪವನ್ನು ಎರಡು ಸಲ ಇಟ್ಟರೂ ಇದರೊಳಗೆ ಅಡಗಬಹುದು! ಇಂಜಿನಿಯರಿಂಗ್ ಕಾಲೇಜುಗಳಿಲ್ಲದ ಕಾಲದಲ್ಲಿ ಬೆಟ್ಟದ ಸಂದನ್ನು ಕಣ್ಣಳತೆಯಿಂದ ಆರಿಸಿದ ಒಡ್ಡರ ಕೈಚಳಕವನ್ನು ಏರಿಯ ಮೇಲೆ ನಿಂತೇ ನೋಡಬೇಕು. ಸಿದ್ಧನ ತೂಬು, ಬಸವನ ತೂಬು ಎಂಬ ಹೆಸರುಗಳು ಇಂದಿಗೂ ಉಳಿದಿವೆ. ಕೆರೆಯು ಗದ್ದೆ ತೋಟಗಳಿಗೆ ಮಾತ್ರವಲ್ಲದೆ ಚಿತ್ರದುರ್ಗ ನಗರಕ್ಕೂ ಕುಡಿಯುವ ನೀರನ್ನು ಕೊಟ್ಟಿದೆ.

ಚನ್ನಗಿರಿಯಿಂದ ಪಶ್ಚಿಮಕ್ಕೆ ಹೊರಟವರಿಗೆ ಹೊನ್ನಾಳಿಯಲ್ಲಿ ತುಂಗಭದ್ರೆಯು ಎದುರಾಗುತ್ತಾಳೆ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ ಹೊರಟ ಹೊಳೆಯು ಈ ಸೀಮೆಯಲ್ಲಿಯೇ ಮೊದಲು ತನ್ನ ಪೂರ್ಣರೂಪವನ್ನು ತೋರುವುದು. ಹೊನ್ನಾಳಿಯಲ್ಲಿ ಹಿರೇಕಲ್ಮಠವೂ ನದಿಯ ಘಟ್ಟಗಳೂ ನೋಡತಕ್ಕವು. ಹೊಳೆಯ ಮೇಲುಗಡೆಗೆ ಗೋವಿನಕೋವಿಯ ಹತ್ತಿರ ಕುರುವ ಎಂಬ ಗ್ರಾಮವಿದೆ. ಕುರುವವೆಂದರೆ ಕನ್ನಡದಲ್ಲಿ ನಡುಗಡ್ಡೆಯೆಂದೇ ಅರ್ಥ. ಅಲ್ಲಿ ನದಿಯ ನಡುವಿನ ಗಡ್ಡೆಯ ಮೇಲೆ ರಾಮೇಶ್ವರನ ಗುಡಿ. ಜನರು ಗಡ್ಡೆ ರಾಮೇಶ್ವರನೆಂದು ಕರೆಯುತ್ತಾರೆ. ಮಳೆಗಾಲದ ಪ್ರವಾಹದಲ್ಲಿ ದೇವರು ಏಕಾಂತವಾಸಿ. ಹೊಳೆ ಇಳಿದಾಗ ಭಕ್ತರಿಗೆ ದರ್ಶನ. ಹಡಗು ಬೇಡ, ವಿಮಾನ ಬೇಡ, ರಹದಾರಿ ಬೇಡ. ಸದ್ದಿಲ್ಲದ ದ್ವೀಪವು ನಮ್ಮ ಹೊಳೆಯಲ್ಲಿಯೇ ಇದೆ. ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಎರಡು ಕಡೆಗೂ ನೀರು ಹರಿದುಹೋಗುವುದನ್ನು ನೋಡುತ್ತ ಕುಳಿತುಕೊಳ್ಳುವುದಕ್ಕಿಂತ ಹೆಚ್ಚಿನ ಕೆಲಸವು ಅಲ್ಲಿಲ್ಲ. ಅದೇ ಅಲ್ಲಿನ ಸೊಗಸು.

ಈಚಿನ ವರ್ಷಗಳಲ್ಲಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕೆನಿಸಿಕೊಂಡ ನ್ಯಾಮತಿಯ ಕಡೆ ಬೆಳಗುತ್ತಿಯ ಸಮೀಪದ ಗುಡ್ಡದಲ್ಲಿ ತೀರ್ಥರಾಮೇಶ್ವರನಿದ್ದಾನೆ. ಗುಡ್ಡದೊಳಗಿಂದ ಹೊರಡುವ ತೀರ್ಥವು ಕಾಶಿಯಿಂದ ಬರುತ್ತದೆಂದು ಭಕ್ತರ ನಂಬಿಕೆ. ಇದೇ ತಾಲ್ಲೂಕಿನ ಸೂರಗೊಂಡನಕೊಪ್ಪವು ಬಂಜಾರ ಸಮಾಜದ ಸಂತ ಸೇವಾಲಾಲರ ಜನ್ಮಸ್ಥಳ. ಅವರು ಹುಟ್ಟಿದ್ದು 1739ರ ಫೆಬ್ರವರಿ 15ರಂದೆಂದು ಆ ಸಮಾಜದವರು ಎಣಿಸುತ್ತಾರೆ. ಪ್ರತಿವರ್ಷವೂ ಆ ದಿನಗಳಲ್ಲಿ ಮಹಾರಾಷ್ಟ್ರ, ಆಂಧ್ರ, ತೆಲಂಗಾಣಗಳಿಂದ ಮಾಲಾಧಾರಿಗಳು ಬಂದು ನೆರೆಯುತ್ತಾರೆ. ನೂರಾರು ಹರದಾರಿಯಿಂದ ನಡೆದು ಬರುವವರು ಬಲ್ಲ ಊರನ್ನು ಐವತ್ತು ಮೈಲಿಯೊಳಗಿನ ಪಟ್ಟಣವಾಸಿಗಳು ಅರಿಯದಿರುವುದು ಸೋಜಿಗವಲ್ಲವೆ?

ಜಗಳೂರಿಗೆ ಬಂದರೆ ನಾಡಿನ ಮುಖವೇ ಬದಲಾಗುತ್ತದೆ. ಅಡಿಕೆಯ ತಂಪು ಹಿಂದುಳಿದು, ಕುರುಚಲು ಕಾಡೂ ಕಲ್ಲುಗುಡ್ಡವೂ ಮಳೆಯನ್ನೇ ನಂಬಿದ ಹೊಲವೂ ಮೊದಲಾಗುತ್ತವೆ. ಇಲ್ಲಿಯ ರಂಗಯ್ಯನದುರ್ಗದ ಅರಣ್ಯವನ್ನು 2011ರಲ್ಲಿ ಕೊಂಡುಕುರಿಗಳ ವನ್ಯಧಾಮವೆಂದು ಸರ್ಕಾರದವರು ಘೋಷಿಸಿದರು. ವಿಸ್ತೀರ್ಣ ಸುಮಾರು 77 ಚದರ ಕಿಲೋಮೀಟರು. ತಲೆಯ ಮೇಲೆ ನಾಲ್ಕು ಕೊಂಬುಗಳುಳ್ಳ ಈ ಪ್ರಾಣಿಯು ಗುಂಪು ಕಟ್ಟುವುದಿಲ್ಲ, ಸದ್ದನ್ನು ಸಹಿಸುವುದಿಲ್ಲ, ನೀರಿನಿಂದ ಬಹುದೂರ ಹೋಗುವುದೂ ಇಲ್ಲ. ಇಲಾಖೆಯ ಅನುಮತಿಯೊಡನೆ ಬೆಳಕು ಹರಿಯುವ ಮೊದಲೇ ಹೋಗಿ ಉಸಿರು ಬಿಗಿಹಿಡಿದು ಕಾದವನಿಗೆ ಅದು ಕಂಡರೂ ಕಂಡೀತು. ಕಾಣದಿದ್ದರೂ ಹೋದದ್ದು ವ್ಯರ್ಥವಲ್ಲ. ಬರದ ಸೀಮೆಯೂ ಬರಡಲ್ಲವೆಂಬುದು ಅವನಿಗೆ ತಿಳಿದಿರುತ್ತದೆ. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯ ನೀರನ್ನೆತ್ತಿ ಈ ಸೀಮೆಯ 57 ಕೆರೆಗಳನ್ನು ತುಂಬಿಸುವ ಯೋಜನೆಯ ಫಲವಾಗಿ ಈಚೆಗೆ ಜಗಳೂರಿನ ಕೆರೆಗೂ ಹೊಳೆಯ ನೀರು ಬಂದಿದೆ. ಕುರುವದ ರಾಮೇಶ್ವರನ ಪಾದವನ್ನು ತೊಳೆದ ನೀರೇ ಇಲ್ಲಿ ಬಾಯಾರಿದ ನೆಲವನ್ನು ಮುಟ್ಟುತ್ತದೆಂದು ನೆನೆದಾಗ ನಾಲ್ಕು ತಾಲ್ಲೂಕುಗಳೂ ಒಂದೇ ಸಂಸಾರವೆಂಬುದು ಮನಸ್ಸಿಗೆ ಬರುತ್ತದೆ.

ಇಷ್ಟನ್ನು ಓದಿದ ಕೆಲವರು ನಮ್ಮನ್ನು ಆಕ್ಷೇಪಿಸಬಹುದು. “ಸದ್ದಿಲ್ಲದ ಸ್ಥಳಗಳೆಂದು ಹೊಗಳಿ, ಅಲ್ಲಿಗೆ ಜನರನ್ನು ನೀವೇ ಕರೆದರೆ ಆ ಮೌನವು ಉಳಿದೀತೆ? ಕಾಗದ ಬುಟ್ಟಿಗಳೂ ಕಿರುಚಾಟವೂ ಅಲ್ಲಿಗೂ ಹೋಗುವುದಿಲ್ಲವೆ?” ಎಂದು ಅವರು ಕೇಳಿಯಾರು. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಆದರೆ ಮರೆವು ಯಾವ ಸ್ಥಳವನ್ನೂ ಕಾಪಾಡಿದ್ದಿಲ್ಲ. ಸೂಳೆಕೆರೆಯಲ್ಲಿ ಹೂಳು ತುಂಬುತ್ತಿದೆಯೆಂಬ ದೂರೂ, ಅಂಗಳದ ಅಂಚು ಒತ್ತುವರಿಯಾಗುತ್ತಿದೆಯೆಂಬ ದೂರೂ ಹಲವು ವರ್ಷಗಳಿಂದ ಕೇಳಿಬರುತ್ತಿವೆ. ಸಾವಿರ ಕಣ್ಣುಗಳು ನೋಡುವ ಕಡೆ ಎಲ್ಲೆಯ ಕಲ್ಲನ್ನು ಕೀಳುವುದು ಸುಲಭವಲ್ಲ. ಯಜಮಾನನು ತಿರುಗಿ ನೋಡದ ಹೊಲಕ್ಕೆ ಬೇಲಿಯೂ ಇರುವುದಿಲ್ಲ, ಬೆಳೆಯೂ ಇರುವುದಿಲ್ಲ. ನೋಡುವವರಿಲ್ಲದುದರಿಂದ ಆಗಿರುವ ಹಾನಿಯು ನೋಡುವವರಿಂದ ಆಗಬಹುದಾದ ಹಾನಿಗಿಂತ ಹೆಚ್ಚಿನದೆಂದು ನಮ್ಮ ಅಭಿಪ್ರಾಯ.

ಆದುದರಿಂದ ಅಧಿಕಾರಿಗಳಲ್ಲಿಯೂ ಊರ ಪ್ರಮುಖರಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೆ. ಕೆರೆಯ ಎಲ್ಲೆಯನ್ನು ಅಳೆದು, ಕಲ್ಲು ನೆಟ್ಟು, ನಕ್ಷೆಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ. ಪ್ರತಿಯೊಂದು ಸ್ಥಳದಲ್ಲಿಯೂ ಅದರ ಚರಿತ್ರೆಯನ್ನು ತಿಳಿಗನ್ನಡದಲ್ಲಿ ಬರೆದ ಫಲಕವೊಂದಿರಲಿ. ಪ್ರವಾಸಿಗಳಿಂದ ಏನಾದರೂ ಶುಲ್ಕವನ್ನು ತೆಗೆದುಕೊಂಡರೆ ಅದು ಸಾಬಾದಲ್ಲಿ ಆಗುವಂತೆ ಅದೇ ಸ್ಥಳದ ರಕ್ಷಣೆಗೆ ಸಲ್ಲಲಿ. ಉಪಾಧ್ಯಾಯರು ಮಕ್ಕಳನ್ನು ದೂರದ ಅರಮನೆಗಳಿಗೆ ಕರೆದೊಯ್ಯುವ ಮೊದಲು ತಮ್ಮ ತಾಲ್ಲೂಕಿನ ಏರಿಯ ಮೇಲೆ ನಡೆಸಿಕೊಂಡು ಹೋಗಲಿ. ಹೋಗುವ ಮಹಾಶಯರು ಅತಿಥಿಗಳಂತೆ ನಡೆದುಕೊಳ್ಳಲಿ: ತಂದ ಕಸವನ್ನು ತಾವೇ ಹೊತ್ತು ತರಲಿ, ಹಳ್ಳಿಯವರು ಕೊಟ್ಟ ರೊಟ್ಟಿಯನ್ನು ಉಂಡು ಅದಕ್ಕೆ ತಕ್ಕ ಹಣವನ್ನು ಕೊಟ್ಟು ಬರಲಿ.

ಸಮುದ್ರದಾಚೆಯ ದ್ವೀಪಗಳನ್ನೂ ನಮ್ಮವರು ನೋಡಲಿ. ಅದಕ್ಕೆ ನಮ್ಮ ಅಡ್ಡಿಯಿಲ್ಲ. ಆದರೆ ಅಲ್ಲಿಯವರು “ನಿಮ್ಮ ಸೀಮೆಯಲ್ಲಿ ನೋಡತಕ್ಕದ್ದು ಏನುಂಟು?” ಎಂದು ಕೇಳಿದಾಗ ತಲೆ ತಗ್ಗಿಸುವಂತೆ ಆಗಬಾರದು. ಅಂಚೆಯಲ್ಲಿ ಪಾಠ ತರಿಸಿಕೊಂಡು ರಸ್ತೆ ಕಟ್ಟಿದವರ ದ್ವೀಪವನ್ನು ಮೆಚ್ಚಿ ಬಂದವರು, ಪಾಠವೇ ಇಲ್ಲದ ಕಾಲದಲ್ಲಿ ಎರಡು ಗುಡ್ಡಗಳನ್ನು ಬೆಸೆದು ನಾಡಿಗೆ ನೀರುಣಿಸಿದವರ ಏರಿಯ ಮೇಲೆ ಒಂದು ಸಂಜೆಯಾದರೂ ನಿಂತು ಬರಲಿ.