ಉತಾರದಲ್ಲಿ ಹೆಸರಿದ್ದರೆ ಕೆಳಗಿನ ಚಿನ್ನವೂ ನಮ್ಮದೇ?

ಹಾವೇರಿ ತಾಲ್ಲೂಕಿನ ಗಣಜೂರಿನ ನೆಲದಲ್ಲಿ ಚಿನ್ನದ ನಿಕ್ಷೇಪವಿದೆ. ಡೆಕ್ಕನ್ ಗೋಲ್ಡ್ ಮೈನ್ಸ್ ಕಂಪನಿಯ ಬಳಗ ಅಲ್ಲಿ ವರ್ಷಗಟ್ಟಲೆ ಅನ್ವೇಷಣೆ ನಡೆಸಿತ್ತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ರೈತರು ಯಾವುದೇ ಕಾಗದಕ್ಕೆ ಸಹಿ ಹಾಕುವ ಮೊದಲು ಈ ನಾಲ್ಕು ಮಾತು ತಿಳಿದಿರಲಿ.

ತಪ್ಪು ಕಲ್ಪನೆ 1: ಹೊಲ ನನ್ನದು, ಕೆಳಗಿನ ಚಿನ್ನವೂ ನನ್ನದು.
ವಾಸ್ತವ: ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 70ನೇ ಕಲಂ ಪ್ರಕಾರ ಖನಿಜದ ಹಕ್ಕು ರಾಜ್ಯ ಸರ್ಕಾರದ್ದು. ಇದು ಹೊಸ ರೂಢಿಯೂ ಅಲ್ಲ. 1870ರ ದಶಕದಲ್ಲಿ ಕೋಲಾರದಲ್ಲಿ ಮೈಕೇಲ್ ಲಾವೆಲ್ ಎಂಬಾತ ಗಣಿಯ ಹಕ್ಕು ಪಡೆದದ್ದೂ ಮೈಸೂರು ಸರ್ಕಾರದಿಂದಲೇ.

ತಪ್ಪು ಕಲ್ಪನೆ 2: ಲಾವಣಿಗೆ ಹೊಲ ಕೊಟ್ಟಂತೆ ಕಂಪನಿಗೆ ಗಣಿಯನ್ನೂ ಕೊಡಬಹುದು.
ವಾಸ್ತವ: 2015ರಿಂದ ಚಿನ್ನದಂಥ ಖನಿಜದ ಗುತ್ತಿಗೆ ಹರಾಜಿನಲ್ಲಿ, 50 ವರ್ಷಗಳ ಅವಧಿಗೆ ಹೋಗುತ್ತದೆ. ಹಳೆಯ ಅನ್ವೇಷಣೆಯ ಆಧಾರದ ಮೇಲೆ ಗುತ್ತಿಗೆ ಕೇಳಿ, ಇತ್ಯರ್ಥವಾಗದೆ ಉಳಿದಿದ್ದ ಹಕ್ಕುಗಳನ್ನು ಗಣಿ ಮತ್ತು ಖನಿಜ ಕಾಯ್ದೆಯ 2021ರ ತಿದ್ದುಪಡಿ ರದ್ದು ಮಾಡಿತು. ಗಣಜೂರಿಗೂ ಆ ಪೆಟ್ಟು ಬಿತ್ತು.

ತಪ್ಪು ಕಲ್ಪನೆ 3: ಚಿನ್ನ ಇದ್ದಲ್ಲಿ ಪೆಟ್ರೋಲೂ ಇರಬಹುದು.
ವಾಸ್ತವ: ರಾಣೆಬೆನ್ನೂರಿನ ಹೆಸರನ್ನೇ ಹೊತ್ತ ಶಿಲಾಸ್ತರವಿದೆ. ಧಾರವಾಡ ಶಿಲಾಸಮೂಹಕ್ಕೆ ಸೇರಿದ ಈ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಕಾವು, ಒತ್ತಡಗಳಲ್ಲಿ ಅದು ಬೆಂದು ಮಾರ್ಪಟ್ಟಿದೆ. ಅಂಥ ಕಲ್ಲಿನಲ್ಲಿ ತೈಲ ಉಳಿಯದು; ಅದು ಸಿಗುವುದು ಜೀವಿಗಳ ಅವಶೇಷ ಹೂತುಹೋದ ಕೃಷ್ಣಾ-ಗೋದಾವರಿ, ಕಾವೇರಿ ಮುಖಜ ಭೂಮಿಗಳಂಥ ಕಡೆ. ನಮ್ಮ ಹೊಲದಲ್ಲಿ ಎಣ್ಣೆ ತೆಗೆಯುತ್ತೇವೆಂದು ಬಂದವರನ್ನು ಖಂಡಿತ ನಂಬಬೇಡಿ.

ತಪ್ಪು ಕಲ್ಪನೆ 4: ಖನಿಜ ಸರ್ಕಾರದ್ದಾದರೆ ರೈತನಿಗೆ ಏನೂ ದಕ್ಕುವುದಿಲ್ಲ.
ವಾಸ್ತವ: ಮೇಲಿನ ಮಣ್ಣಿಗೆ ಬೆಲೆಯಿದೆ. ಗಣಿ ಮತ್ತು ಖನಿಜ ಕಾಯ್ದೆಯ 24ಎ ಕಲಂ ಹಾಗೂ ಅದರಡಿಯ ನಿಯಮಗಳ ಪ್ರಕಾರ ಗುತ್ತಿಗೆದಾರರು ಭೂಮಿಯ ಅನುಭೋಗದಾರನಿಗೆ ಪ್ರತಿವರ್ಷ ಪರಿಹಾರ ಕೊಡಬೇಕು. ಕೃಷಿ ಜಮೀನಾದರೆ, ಅಂಥದೇ ಹೊಲದ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಆದಾಯವೇ ಅದಕ್ಕೆ ಅಳತೆ. ಗಣಿ ಮುಗಿದ ಮೇಲೆ ಭೂಮಿಗಾದ ಹಾನಿಗೂ ಪರಿಹಾರವುಂಟು.

ಅಂದರೆ ನಮ್ಮ ಬಲ ಇರುವುದು ಬೆಳೆಯ ಲೆಕ್ಕದಲ್ಲಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರಿದ ಪಟ್ಟಿ, ಉತಾರದ ಬೆಳೆ ಕಾಲಂ, ಗೊಬ್ಬರದ ರಸೀದಿ ಇವನ್ನು ಜೋಪಾನ ಮಾಡಿ. ಕಂಪನಿಯವರು ಬಾಗಿಲಿಗೆ ಬಂದ ದಿನ, ನಿಮ್ಮ ಹೊಲದ ಬೆಲೆ ಹೇಳುವುದು ಆ ಕಾಗದಗಳೇ.